ಹಾಲ್‌ನ ಮೂಲೆಗೊಂದು ಕಂಪ್ಯೂಟರ್

ನಮ್ಮ ಮನೆಯಲ್ಲಿ ಎರಡು ಲ್ಯಾಪ್‌ಟಾಪ್ ಇದ್ದವು, ಎರಡೂ ನಮ್ಮವಲ್ಲ. ಒಂದು ನನ್ನ ಕಂಪನಿಯದು, ಇನ್ನೊಂದು ಹೆಂಡತಿಯ ಕಂಪನಿಯದು. ಹದಿನೈದು ವರ್ಷ ಐಟಿಯಲ್ಲಿ ಕೆಲಸ ಮಾಡಿದ ಗಂಡ ಹೆಂಡತಿ ಇರುವ ಮನೆಯಲ್ಲಿ ಸ್ವಂತದ್ದು ಎನ್ನುವ ಒಂದು ಕಂಪ್ಯೂಟರ್ ಇಲ್ಲ ಎಂದರೆ ಊರಲ್ಲಿ ಯಾರೂ ನಂಬುವುದಿಲ್ಲ. ಇದನ್ನು ಓದುತ್ತಿರುವ ನಿಮ್ಮಲ್ಲಿ ಅರ್ಧ ಜನರ ಮನೆಯ ಕಥೆಯೂ ಇದೇ ಇರಬೇಕು. ಕಂಪನಿ ಕೊಟ್ಟದ್ದಕ್ಕೆ ಪೆನ್‌ಡ್ರೈವ್ ಚುಚ್ಚುವಂತಿಲ್ಲ, ಬೇಕಾದ ಸಾಫ್ಟ್‌ವೇರ್ ಹಾಕುವಂತಿಲ್ಲ, ಒಂದು ಫಾಂಟ್ ಬೇಕೆಂದರೂ ಟಿಕೆಟ್ ಹಾಕಿ ಕಾರಣ ಬರೆಯಬೇಕು. "ಕಾರಣ: ನಮ್ಮಪ್ಪ" ಎಂದು ಯಾವ ಮ್ಯಾನೇಜರಿಗೆ ಬರೆಯಲಿ?

ಕಾರಣ ಮಾತ್ರ ಅಪ್ಪನೇ. ಹಾವೇರಿ ಕಡೆಯ ಹಳ್ಳಿ ಶಾಲೆಯಲ್ಲಿ ಕನ್ನಡ ಮಾಸ್ತರಾಗಿದ್ದವರು, ಈಗ ಎಪ್ಪತ್ತೈದು. ಕಳೆದ ದೀಪಾವಳಿ ಮುಗಿಸಿಕೊಂಡು ಕಣ್ಣಿನ ಚಿಕಿತ್ಸೆಗೆಂದು ಡೊಂಬಿವಲಿಗೆ ನಮ್ಮಲ್ಲಿಗೆ ಬಂದರು. ವಯಸ್ಸಾದವರಿಗೆ ಬರುವ ಮ್ಯಾಕ್ಯುಲಾದ ತೊಂದರೆ ಅವರಿಗೆ. ಕಣ್ಣಿನ ಹಿಂಪರದೆಯ ನಟ್ಟನಡುವಿನ ಭಾಗ ಕೆಡುತ್ತ ಹೋಗುತ್ತದೆ. ಅಂಚಿನದೆಲ್ಲ ಕಾಣುತ್ತದೆ, ನೇರ ನೋಡಿದ್ದು ಮಾತ್ರ ಮಬ್ಬು. ಬಾಗಿಲ ಚೌಕಟ್ಟು ಕಾಣುತ್ತದೆ, ಅದರಲ್ಲಿ ನಿಂತವರ ಮುಖ ಕಾಣುವುದಿಲ್ಲ. ಎಡಗಣ್ಣಿನಲ್ಲಿ ಉಳಿದದ್ದು ಏನೂ ಇಲ್ಲ ಎಂದೇ ಹೇಳಬೇಕು. ಬಲಗಣ್ಣಿಗೆ ತಿಂಗಳಿಗೊಮ್ಮೆ ಇಂಜೆಕ್ಷನ್. ಅದು ಹೋದದ್ದನ್ನು ಮರಳಿ ತರುವುದಕ್ಕಿಂತ ಇರುವುದನ್ನು ಹಿಡಿದಿಟ್ಟುಕೊಳ್ಳುವುದಕ್ಕೆ ಎಂದು ಡಾಕ್ಟರು ಮೊದಲ ದಿನವೇ ಹೇಳಿದ್ದರು.

ಅಪ್ಪನ ಚೀಲದಲ್ಲಿ ಎರಡು ಧೋತರದ ನಡುವೆ, ಟವೆಲಿನಲ್ಲಿ ಸುತ್ತಿದ ಒಂದು ಹಾರ್ಡ್ ಡಿಸ್ಕ್ ಇತ್ತು. 40 ಜಿಬಿಯದು. ನಾನು ಎಂಜಿನಿಯರಿಂಗ್ ಓದುವಾಗ, 2005ರಲ್ಲಿ ಅಪ್ಪ ಸೊಸೈಟಿಯಲ್ಲಿ ಸಾಲ ಮಾಡಿ ಕೊಡಿಸಿದ ಪೆಂಟಿಯಂ 4 ಕಂಪ್ಯೂಟರಿನ ಡಿಸ್ಕ್ ಅದು. ನಾನು ಎಂ.ಟೆಕ್. ಎಂದು ಊರು ಬಿಟ್ಟ ಮೇಲೆ ಕಂಪ್ಯೂಟರ್ ಅಪ್ಪನ ಪಾಲಿಗೆ ಬಂತು. ಬಸ್‌ಸ್ಟ್ಯಾಂಡ್ ಹತ್ತಿರ ಡಿಟಿಪಿ ಅಂಗಡಿ ಇಟ್ಟಿದ್ದ ಹುಡುಗನಿಂದ 'ನುಡಿ'ಯಲ್ಲಿ ಟೈಪು ಮಾಡುವುದನ್ನು ಕಲಿತರು. ಕಲಿತವರು ಸುಮ್ಮನೆ ಕೂರಲಿಲ್ಲ. ನಮ್ಮ ಊರಿನ ಒಕ್ಕಲುತನದ ಮಾತುಗಳನ್ನೆಲ್ಲ ಒಂದೊಂದಾಗಿ ಬರೆದಿಡಲು ಶುರು ಮಾಡಿದರು. ರಂಟಿ, ಕುಂಟಿ, ಕೂರಿಗಿ, ಎಡಿಕುಂಟಿ, ಮಿಣಿ, ಬಾರಕೋಲ. ಕಣ ಮಾಡುವುದು ಹೇಗೆ, ಮೇಟಿ ನೆಡುವುದು ಹೇಗೆ, ಹಂತಿ ಹೊಡೆಯುವಾಗ ಎತ್ತುಗಳಲ್ಲಿ ಯಾವುದು ಒಳಗೆ ಯಾವುದು ಹೊರಗೆ. ಟ್ರ್ಯಾಕ್ಟರು, ರಾಶಿ ಮಷೀನು ಬಂದ ಮೇಲೆ ಹುಟ್ಟಿದವರಿಗೆ ಇವು ಬರೀ ಶಬ್ದ. ಕಂಪ್ಯೂಟರ್ ಸುಟ್ಟುಹೋಗುವಷ್ಟರಲ್ಲಿ 63 ಫೈಲುಗಳಾಗಿದ್ದವು. ರಿಪೇರಿ ಮಾಡಿಸೋಣ ಎನ್ನುವಷ್ಟರಲ್ಲಿ ಕಣ್ಣು ಕೈಕೊಟ್ಟವು.

"ಇದರಾಗ ಅದಾವು. ತಗದು ನೋಡು," ಎಂದು ಡಿಸ್ಕನ್ನು ನನ್ನ ಕೈಗಿಟ್ಟರು. ನೋಡುವುದಕ್ಕೆ ಮನೆಯಲ್ಲಿ ಯಂತ್ರವೇ ಇರಲಿಲ್ಲ.

ಇನ್ನೊಂದು ಲ್ಯಾಪ್‌ಟಾಪ್ ತರಬಹುದಿತ್ತಲ್ಲ ಎಂದು ಕೇಳಿದವರೇ ಎಲ್ಲ. ಅಪ್ಪನಿಗೆ ಬೇಕಾದದ್ದು ದೊಡ್ಡ ಪರದೆ ಮತ್ತು ಬೆರಳಿಗೆ ಸರಿಯಾಗಿ ಸಿಗುವ ಕೀಲಿಮಣೆ. ಇವೆರಡನ್ನೂ ಹೊರಗಿನಿಂದ ಜೋಡಿಸುವುದಾದರೆ ಲ್ಯಾಪ್‌ಟಾಪ್ ಯಾಕೆ? ಅದಲ್ಲದೆ ನನಗೂ ಒಂದು ಹಟವಿತ್ತು. ನನ್ನ ಕೆಲಸ ಇರುವುದು ಕ್ಲೌಡ್‌ನಲ್ಲಿ. ದಿನಕ್ಕೆ ಹತ್ತಾರು ಸರ್ವರ್ ಎಬ್ಬಿಸುತ್ತೇನೆ, ಮಲಗಿಸುತ್ತೇನೆ, ಒಂದನ್ನೂ ಕೈಯಲ್ಲಿ ಮುಟ್ಟಿದವನಲ್ಲ. ಸ್ಕ್ರೂಡ್ರೈವರ್ ಹಿಡಿದು ಒಂದನ್ನಾದರೂ ನಾನೇ ಕಟ್ಟಬೇಕು ಅನ್ನಿಸಿತು.

ಡಿಸೆಂಬರಿನ ಒಂದು ಶನಿವಾರ ಲ್ಯಾಮಿಂಗ್ಟನ್ ರೋಡಿಗೆ ಹೋದೆ. ಬೆಂಗಳೂರಿನವರಿಗೆ ಎಸ್.ಪಿ. ರೋಡ್, ದೆಹಲಿಯವರಿಗೆ ನೆಹರೂ ಪ್ಲೇಸ್, ಚೆನ್ನೈಯವರಿಗೆ ರಿಚ್ಚಿ ಸ್ಟ್ರೀಟ್ ಹೇಗೋ ಮುಂಬಯಿಗೆ ಅದು ಹಾಗೆ. ಸಮಯ ಮಾತ್ರ ದುಬಾರಿ. ಎಐ ಡೇಟಾ ಸೆಂಟರುಗಳು ಜಗತ್ತಿನ ಮೆಮರಿ ಚಿಪ್ಪುಗಳನ್ನೆಲ್ಲ ಬಾಚಿಕೊಳ್ಳತೊಡಗಿ ರ‍್ಯಾಮ್ ಬೆಲೆ ಕೆಲವೇ ತಿಂಗಳಲ್ಲಿ ದುಪ್ಪಟ್ಟು ದಾಟಿತ್ತು. "ಸಾಹೇಬ್, ಸೋನಾ ಲೇ ಲೋ, ರ‍್ಯಾಮ್ ಮತ್ ಲೋ," ಎಂದ ಅಂಗಡಿಯವನು, ನಗುತ್ತಲೇ ಬಿಲ್ ಬರೆಯುತ್ತ. ಎಐ ಎಂಬುದು ನನ್ನ ನೌಕರಿಗೆ ಯಾವಾಗ ಕುತ್ತು ತರುತ್ತದೋ ಎಂದು ಕಾಯುತ್ತಿದ್ದೆ, ಅದು ಮೊದಲು ಬಂದದ್ದು ಜೇಬಿಗೆ. 32 ಜಿಬಿ ಎಂದುಕೊಂಡು ಹೋದವನು 8 ಜಿಬಿಯ ಎರಡು ಕಡ್ಡಿಗೆ ಸಮಾಧಾನಪಟ್ಟುಕೊಂಡೆ. ಪ್ರೊಸೆಸರ್ ರೈಜೆನ್ 5 8600ಜಿ. ಅದರಲ್ಲೇ ಗ್ರಾಫಿಕ್ಸ್ ಇರುವುದರಿಂದ ಬೇರೆ ಕಾರ್ಡಿನ ಖರ್ಚಿಲ್ಲ. ಒಂದು ಟಿಬಿಯ ಎಸ್‌ಎಸ್‌ಡಿ, 27 ಇಂಚಿನ ಮಾನಿಟರ್, ಒಂದು ಯುಪಿಎಸ್, ಹಳೆಯ ಡಿಸ್ಕನ್ನು ಯುಎಸ್‌ಬಿಗೆ ಜೋಡಿಸುವ ಒಂದು ಅಡಾಪ್ಟರ್, ಎಲ್ಲ ಸೇರಿ ಸುಮಾರು 80,000 ರೂಪಾಯಿ. ಅಡಾಪ್ಟರಿನ ಪಾಲು ಅದರಲ್ಲಿ ಕೆಲವು ನೂರು, ಆದರೆ ಅದಿಲ್ಲದಿದ್ದರೆ ಉಳಿದದ್ದೆಲ್ಲ ದಂಡ.

ಬಣ್ಣದ ದೀಪ ಮಿನುಗುವ ಕ್ಯಾಬಿನೆಟ್ ಬೇಡ ಎಂದದ್ದು ಅಂಗಡಿಯವನಿಗೆ ಅರ್ಥವೇ ಆಗಲಿಲ್ಲ. ಅವನ ಪ್ರಕಾರ ಡೆಸ್ಕ್‌ಟಾಪ್ ಕೊಳ್ಳುವವರು ಗೇಮ್ ಆಡುವ ಹುಡುಗರು, ಇಲ್ಲವೇ ಲೆಕ್ಕಪತ್ರದ ಆಫೀಸಿನವರು. ನಾನು ಎರಡರಲ್ಲೂ ಸೇರದೆ ಸಾದಾ ಕಪ್ಪು ಡಬ್ಬಿ ಹಿಡಿದು ಗ್ರಾಂಟ್ ರೋಡಿನಿಂದ ದಾದರ್, ಅಲ್ಲಿಂದ ಡೊಂಬಿವಲಿ ಎಂದು ಲೋಕಲ್ಲಿನ ಲಗೇಜ್ ಡಬ್ಬಿಯಲ್ಲಿ, ಮೀನಿನ ಬುಟ್ಟಿಗಳ ಪಕ್ಕ ನಿಂತುಕೊಂಡು ಮನೆಗೆ ಬಂದೆ. ಮಾನಿಟರನ್ನು ಮನೆಗೇ ತರಿಸಿಕೊಂಡಿದ್ದೆ.

ಎಲ್ಲಿಡುವುದು ಎಂಬುದು ಮುಂಬಯಿ ಮನೆಗಳಲ್ಲಿ ಬೆಲೆಗಿಂತ ದೊಡ್ಡ ಪ್ರಶ್ನೆ. ಹಾಲ್‌ನ ಕಿಟಕಿ ಪಕ್ಕ ಹೆಂಡತಿಯ ಹೊಲಿಗೆ ಯಂತ್ರ ಇತ್ತು. ಅದು ಬೆಡ್‌ರೂಮಿಗೆ ಹೋಯಿತು, ನನ್ನ ಹಳೆಯ ಪುಸ್ತಕದ ರ‍್ಯಾಕು ಅದಕ್ಕೆ ಜಾಗ ಬಿಟ್ಟು ಮಾಳಿಗೆಯಂಥ ಅಟ್ಟಕ್ಕೆ ಹೋಯಿತು. ಮಾತುಕತೆಯ ವಿವರ ಇಲ್ಲಿ ಬೇಡ.

ಜೋಡಿಸುವುದಕ್ಕೆ ಭಾನುವಾರ ಇಡೀ ಹಿಡಿಯಿತು. ಮೂರನೆಯ ಕ್ಲಾಸಿನ ಮಗಳು ಸ್ಕ್ರೂಗಳನ್ನು ಬಟ್ಟಲಲ್ಲಿ ಹಿಡಿದು ನಿಂತಿದ್ದಳು. ಅಪ್ಪ ಕುರ್ಚಿ ಎಳೆದುಕೊಂಡು ಕೂತು, ಒಂದೊಂದು ಭಾಗವನ್ನೂ ಕೈಯಲ್ಲಿ ತಡವಿ ನೋಡಿ ಇದೇನು, ಇದೇನು ಎಂದು ಕೇಳುತ್ತಿದ್ದರು. ಸಂಜೆ ಆರರ ಹೊತ್ತಿಗೆ ಗುಂಡಿ ಒತ್ತಿದೆ. ಫ್ಯಾನ್ ತಿರುಗಿತು. ಪರದೆ ಕಪ್ಪು. ಒಂದು ನಿಮಿಷ, ಎರಡು ನಿಮಿಷ. ಈ ಹೊಸ ಡಿಡಿಆರ್5 ಮೆಮರಿಯದು ಒಂದು ವಿಚಿತ್ರ: ಮೊದಲ ಸಲ ಚಾಲೂ ಆದಾಗ ಬೋರ್ಡು ಮತ್ತು ಮೆಮರಿ ಯಾವ ವೇಗದಲ್ಲಿ, ಯಾವ ಲಯದಲ್ಲಿ ಮಾತಾಡಬೇಕೆಂದು ತಮ್ಮತಮ್ಮಲ್ಲೇ ಅಳೆದು ನೋಡಿಕೊಳ್ಳುತ್ತವೆ. ಅಷ್ಟು ಹೊತ್ತು ಪರದೆ ಮೇಲೆ ಏನೂ ಬರುವುದಿಲ್ಲ. ಗೊತ್ತಿದ್ದರೂ ಎದೆ ಹೊಡೆದುಕೊಳ್ಳುತ್ತದೆ.

"ಇಷ್ಟ ರೊಕ್ಕ ಕೊಟ್ಟ ತಂದೀ, ಚಾಲೂನ ಆಗವಲ್ದಲ್ಲೋ ತಮ್ಮಾ," ಅಂದರು ಅಪ್ಪ.

"ತಡೀರಿ ಅಪ್ಪಾ, ಹೊಸಾ ಎತ್ತು, ಹೊಸಾ ನೊಗ. ಹೊಂದಿಕೊಳ್ಳಾಕತ್ತಾವು."

ಅಪ್ಪನಿಗೆ ಈ ವಿವರಣೆ ಹಿಡಿಸಿತು. ನಾಲ್ಕನೆಯ ನಿಮಿಷಕ್ಕೆ ಪರದೆ ಬೆಳಗಿತು.

ಯಂತ್ರದ ಬಗ್ಗೆ ಹೇಳಬೇಕಾದ್ದನ್ನು ಇಲ್ಲೇ ಹೇಳಿಬಿಡುತ್ತೇನೆ. ಲಿನಕ್ಸ್ ಹಾಕಿದ್ದೇನೆ, ಲೈಸೆನ್ಸ್ ಖರ್ಚು ಉಳಿಯಿತು. ಗುಂಡಿ ಒತ್ತಿ ಕನ್ನಡಕ ಒರೆಸಿಕೊಳ್ಳುವಷ್ಟರಲ್ಲಿ ಸಿದ್ಧವಾಗಿರುತ್ತದೆ. ಸದ್ದು ಇಲ್ಲವೆನ್ನುವಷ್ಟು ಕಡಿಮೆ, ನಮ್ಮ ಫ್ರಿಜ್ ಇದಕ್ಕಿಂತ ಜಾಸ್ತಿ ಗೊಣಗುತ್ತದೆ. ಯುಪಿಎಸ್ ಮಾತ್ರ ಕರೆಂಟು ಹೋದಾಗಲೆಲ್ಲ ಕೂಗಿ ಮನೆಯವರನ್ನೆಲ್ಲ ಎಬ್ಬಿಸುತ್ತದೆ. ಕೇಬಲ್ಲುಗಳ ಗೋಜಲನ್ನು ಹೆಂಡತಿ ಇನ್ನೂ ಕ್ಷಮಿಸಿಲ್ಲ. ನನಗೆ ಹೆಚ್ಚು ಇಷ್ಟವಾದ ಗುಣವೆಂದರೆ ಅದು ಕದಲುವುದಿಲ್ಲ. ಲ್ಯಾಪ್‌ಟಾಪ್, ಮೊಬೈಲು ಎಲ್ಲವೂ ನಮ್ಮ ಹಿಂದೆ ಹಿಂದೆ ಹಾಸಿಗೆಯವರೆಗೆ ಬರುತ್ತವೆ. ಇದರ ಹತ್ತಿರ ನಾವು ಹೋಗಬೇಕು, ಕೂರಬೇಕು, ಮುಗಿಸಿ ಏಳಬೇಕು. ಯಾರು ಏನು ಮಾಡುತ್ತಿದ್ದಾರೆ ಎಂಬುದು ಚಪಾತಿ ಲಟ್ಟಿಸುವವರಿಗೂ ಕಾಣುತ್ತದೆ.

ಮರುದಿನ ಹಳೆಯ ಡಿಸ್ಕ್ ಜೋಡಿಸಿದೆ. ಇಷ್ಟು ವರ್ಷ ಸುಮ್ಮನೆ ಬಿದ್ದಿದ್ದದ್ದು ಕಿರ್ ಕಿರ್ ಎಂದು ತಿರುಗಿ, ಪುಣ್ಯಕ್ಕೆ ತೆರೆದುಕೊಂಡಿತು. ಎಲ್ಲವನ್ನೂ ಮೊದಲು ನಕಲು ಮಾಡಿಕೊಂಡೆ. 63 ಫೈಲುಗಳೂ ಇದ್ದವು. ಒಂದನ್ನು ತೆರೆದರೆ ಕನ್ನಡದ ಒಂದಕ್ಷರ ಇಲ್ಲ. ನುಡಿ, ಬರಹಗಳ ಹಳೆಯ ಕಾಲದಲ್ಲಿ ಟೈಪಿಸಿದವರಿಗೆ ಇದರ ಕಾರಣ ಗೊತ್ತು. ಆಗಿನ ಫಾಂಟುಗಳು ಇಂಗ್ಲಿಷು, ಯುರೋಪಿನ ಅಕ್ಷರಗಳಿಗೆ ಮೀಸಲಾದ ಜಾಗಗಳಲ್ಲಿ ಕನ್ನಡದ ತುಂಡುಗಳ ಚಿತ್ರಗಳನ್ನು ಕೂರಿಸಿದ್ದವು. ಫಾಂಟ್ ಇರುವ ತನಕ ಕಣ್ಣಿಗೆ ಕನ್ನಡ, ಯಂತ್ರದ ಪಾಲಿಗೆ ಬೇರೇನೋ. ಫಾಂಟ್ ತೆಗೆದರೆ 'ಕನ್ನಡ' ಎಂಬ ಮೂರಕ್ಷರವೇ ಒಂದು ಪಿ, ತಲೆ ಮೇಲೆ ಗೀಟು ಹೊತ್ತ ಎ, ಇಂಗ್ಲೆಂಡಿನ ಪೌಂಡಿನ ಗುರುತು, ಜರ್ಮನರ ಒಂದಕ್ಷರ, ಹೀಗೆ ಏಳು ಚಿಹ್ನೆಗಳ ಸಾಲಾಗಿ ನಿಲ್ಲುತ್ತದೆ. ಯೂನಿಕೋಡ್‌ನಲ್ಲಿ ಕನ್ನಡಕ್ಕೆ ತನ್ನದೇ ಜಾಗ 1991ರಲ್ಲೇ ಸಿಕ್ಕಿತ್ತು. ಆದರೆ ಅದು ಹಳ್ಳಿಯ ಡಿಟಿಪಿ ಅಂಗಡಿ ಮುಟ್ಟಲು ಬಹಳ ವರ್ಷ ಬೇಕಾಯಿತು. ಆ ನಡುವೆ ಬರೆದವರು ಎಷ್ಟು ಜನ, ಅವರ ಸಿಡಿಗಳು ಯಾವ ಯಾವ ಕಪಾಟಿನಲ್ಲಿವೆಯೋ.

ಇಂಥ ಫೈಲುಗಳನ್ನು ಯೂನಿಕೋಡಿಗೆ ಬದಲಿಸುವ ಸಾಧನಗಳನ್ನು ಕನ್ನಡದ ಹುಡುಗರೇ ಮಾಡಿ ಪುಕ್ಕಟೆ ಇಟ್ಟಿದ್ದಾರೆ. ಅವರಿಗೆ ನನ್ನ ಶರಣು. ಯಾಕೆಂದರೆ ಕೆಲಸ ಅಂದುಕೊಂಡಷ್ಟು ಸರಳವಲ್ಲ. 'ಸೂರ್ಯ' ಎಂದು ಬರೆದರೆ ಹಳೆಯ ಫೈಲಿನಲ್ಲಿ ಅರ್ಕಾವೊತ್ತು ಕಣ್ಣಿಗೆ ಕಾಣುವ ಹಾಗೆ 'ಯ'ದ ನಂತರ ಕೂತಿರುತ್ತದೆ. ಯೂನಿಕೋಡಿನಲ್ಲಿ ಅದು ಬಾಯಲ್ಲಿ ಹೇಳುವ ಹಾಗೆ 'ಯ'ದ ಮುಂಚೆ ಬರಬೇಕು. ಅಪ್ಪ ನಡುನಡುವೆ ಇಂಗ್ಲಿಷ್ ಪದ ಹಾಕಿದ್ದರೆ ಅದು ಅರ್ಥವಿಲ್ಲದ ಕನ್ನಡವಾಗಿ ಹೊರಬರುತ್ತದೆ. ಒಂದು ಸಣ್ಣ ಪೈಥಾನ್ ಪ್ರೋಗ್ರಾಮ್ ಬರೆದು ಎಲ್ಲ ಫೈಲುಗಳನ್ನೂ ಒಂದೇ ರಾತ್ರಿಯಲ್ಲಿ ಬದಲಿಸಿದೆ. ಬಹುಪಾಲು ಸರಿ ಬಂತು. ಉಳಿದದ್ದರಲ್ಲೇ ಸಮಸ್ಯೆ.

ಪದಪರೀಕ್ಷಕ ಹಾಕಿ ನೋಡಿದರೆ ಪುಟ ತುಂಬ ಕೆಂಪು ಗೆರೆ. 'ಎಡಿಕುಂಟಿ'ಗೂ ಕೆಂಪು, 'ಮಿಣಿ'ಗೂ ಕೆಂಪು, ಬದಲಿಸುವಾಗ ನಿಜವಾಗಿ ಕೆಟ್ಟ ಪದಕ್ಕೂ ಕೆಂಪು. ಇವುಗಳಲ್ಲಿ ಯಾವುದು ನಮ್ಮ ಊರಿನ ಮಾತು, ಯಾವುದು ಯಂತ್ರ ಮುರಿದ ಮಾತು ಎಂದು ನನಗೆ ಗೊತ್ತಾಗುವುದಿಲ್ಲ. ಹದಿನೆಂಟಕ್ಕೆ ಊರು ಬಿಟ್ಟವನು ನಾನು. ಯಾವ ನಿಘಂಟಿಗೂ ಗೊತ್ತಿಲ್ಲದ್ದನ್ನು ಹೇಳಬಲ್ಲವರು ಪಕ್ಕದ ಕುರ್ಚಿಯಲ್ಲಿದ್ದರು. ಅವರಿಗೆ ಓದಲು ಬರಬೇಕಿತ್ತು, ಅಷ್ಟೇ.

ಮೊದಲು ಯಂತ್ರದಿಂದಲೇ ಓದಿಸಿ ನೋಡಿದೆ. ಲಿನಕ್ಸ್‌ನಲ್ಲಿ ಕನ್ನಡ ಓದುವ ಧ್ವನಿ ಇದೆ, ತಗಡಿನ ಡಬ್ಬಿಯೊಳಗಿಂದ ಬಂದ ಹಾಗೆ. ಅಪ್ಪ ಎರಡು ವಾಕ್ಯ ಕೇಳಿ, "ಇದು ಯಾವ ಸೀಮಿ ಕನ್ನಡಪಾ, ಬಂದ್ ಮಾಡು," ಅಂದರು. ಆಮೇಲೆ ಪರದೆಯ ಹಿನ್ನೆಲೆ ಕಪ್ಪು ಮಾಡಿ, ಅಕ್ಷರ ಬಿಳಿ ಮಾಡಿ, ನೋಟೊ ಸಾನ್ಸ್ ಕನ್ನಡ ಫಾಂಟಿನ ದಪ್ಪ ರೂಪವನ್ನು ಹಾಕಿ ಗಾತ್ರ ಏರಿಸುತ್ತ ಹೋದೆ. 24, 36, 48. ಒಂದು ಸಾಲಿಗೆ ನಾಲ್ಕೈದು ಪದ ಬರುವಷ್ಟಾದಾಗ ಅಪ್ಪ ಕತ್ತನ್ನು ಸ್ವಲ್ಪ ಓರೆ ಮಾಡಿದರು. ನಡುವಿನ ನೋಟ ಹೋದವರು ಪಕ್ಕದ ನೋಟವನ್ನು ಬಳಸುವ ರೀತಿ ಅದು. ಮುಖ ಕಿಟಕಿಯ ಕಡೆ, ಓದುವುದು ಪರದೆಯನ್ನು.

"ಕೂ... ರಿ... ಗಿ. ಕೂರಿಗಿಗೆ ತಾಳು ಮೂರು," ಎಂದು ನಿಧಾನವಾಗಿ ಓದಿದರು. ಆಮೇಲೆ, "ಇದು ನಾ ಬರದದ್ದು," ಅಂದರು. ಅಡಿಗೆಮನೆಯಿಂದ ಹೆಂಡತಿ ಬಂದು ನಿಂತಿದ್ದಳು. ಯಾರೂ ಏನೂ ಮಾತಾಡಲಿಲ್ಲ. ಅಪ್ಪ ಮುಂದಿನ ಸಾಲಿಗೆ ಹೋದರು.

ಟೈಪು ಮಾಡಿಸುವುದು ಇದಕ್ಕಿಂತ ಕಷ್ಟ ಎಂದುಕೊಂಡಿದ್ದೆ. ಕೀಲಿಮಣೆಯ ಅಕ್ಷರಗಳು ಅವರಿಗೆ ಕಾಣುವುದೇ ಇಲ್ಲ. ಆದರೆ ಅಪ್ಪ ಕಲಿತದ್ದು ನುಡಿಯ, ಅಂದರೆ ಕನ್ನಡ ಗಣಕ ಪರಿಷತ್ತಿನ ಕಗಪ ವಿನ್ಯಾಸ. ಲಿನಕ್ಸ್‌ನ ಕೀಲಿಮಣೆಗಳ ಪಟ್ಟಿಯಲ್ಲಿ ಅದು ಅದೇ ಹೆಸರಿನಲ್ಲಿ ಮೊದಲಿಂದಲೂ ಇದೆ, ಏನನ್ನೂ ಹೊರಗಿನಿಂದ ತರಬೇಕಿಲ್ಲ. ಆ ವಿನ್ಯಾಸದಲ್ಲಿ ಒತ್ತಕ್ಷರಕ್ಕೆ ಕೊಂಡಿ ಎಫ್ ಕೀಲಿ. 'ಅಕ್ಕ' ಎನ್ನಲು ಎ, ಕೆ, ಎಫ್, ಕೆ. ಕನ್ನಡದಲ್ಲಿ ಎಫ್ ಒತ್ತದೆ ಎರಡು ಸಾಲು ಬರೆಯಲಾಗದು. ಈಗ ನಿಮ್ಮ ಮುಂದಿನ ಕೀಲಿಮಣೆಯ ಎಫ್ ಮೇಲೆ ಬೆರಳಿಟ್ಟು ನೋಡಿ, ಒಂದು ಸಣ್ಣ ಗೀರು ಎದ್ದಿರುತ್ತದೆ. ಜೆ ಮೇಲೂ ಇದೆ. ನೋಡದೆ ಟೈಪಿಸುವವರಿಗೆ ಬೆರಳಿನ ಮನೆ ತಿಳಿಯಲೆಂದು ಮಾಡಿದ್ದು. ಅಪ್ಪನ ಎಡ ತೋರುಬೆರಳು ಹೋಗಿ ಆ ಗೀರಿನ ಮೇಲೆ ಕೂತಿತು. ಉಳಿದ ಬೆರಳುಗಳು ಒಂದು ಕ್ಷಣ ಅಲೆದಾಡಿ ತಮ್ಮ ತಮ್ಮ ಜಾಗ ಹಿಡಿದವು. ಅಂಗಡಿಯಲ್ಲಿ ಚಪ್ಪಟೆ ಕೀಲಿಮಣೆ ತೋರಿಸಿದ್ದರು, ನೋಡಲು ಚೆಂದ. ಎತ್ತರದ ಕೀಲಿ, ಗಟ್ಟಿ ಗೀರು ಇರುವ ಹಳೇ ಮಾದರಿಯದನ್ನೇ ತಂದದ್ದು ಇಡೀ ಯಂತ್ರದಲ್ಲಿ ನಾನು ಮಾಡಿದ ಒಳ್ಳೆಯ ಆಯ್ಕೆ. ಅದರ ಬೆಲೆ ರ‍್ಯಾಮ್‌ನ ಬೆಲೆಯ ಹತ್ತನೇ ಒಂದು ಭಾಗವೂ ಇಲ್ಲ.

ಈಗ ದಿನಕ್ಕೆ ಎರಡು ಸರದಿ. ಬೆಳಿಗ್ಗೆ ಹತ್ತರಿಂದ ಹನ್ನೊಂದು, ಸಂಜೆ ಐದರಿಂದ ಆರು. ಅದಕ್ಕಿಂತ ಹೆಚ್ಚು ಕೂತರೆ ಕಣ್ಣು ದಣಿಯುತ್ತದೆ. "ಮಾವಾರ, ಚಹಾ ಆರಿ ಹೋತ್ರಿ," ಎಂದು ಹೆಂಡತಿ ಎರಡು ಸಲ ಕೂಗುತ್ತಾಳೆ. ಕೆಂಪು ಗೆರೆ ಬಂದ ಪದ ಸರಿಯಿದ್ದರೆ ಅಪ್ಪ "ಸೇರಸು" ಅನ್ನುತ್ತಾರೆ, ನಾನೋ ಮಗಳೋ ಅದನ್ನು ಯಂತ್ರದ ಪದಕೋಶಕ್ಕೆ ಸೇರಿಸುತ್ತೇವೆ. ಸೇರಿದ ಪದಗಳು ಈಗ 400 ದಾಟಿವೆ. ಕೆಲವು ಪದಕ್ಕೆ ಹತ್ತು ನಿಮಿಷ ಹಿಡಿಯುತ್ತದೆ, ಯಾಕೆಂದರೆ ಪದದ ಹಿಂದೆ ಯಾವನೋ ಗೌಡರ ಎತ್ತು, ಯಾವುದೋ ಬರಗಾಲ ಬರುತ್ತದೆ. ಮೊಬೈಲಿನಲ್ಲಿ ಅದನ್ನೂ ರೆಕಾರ್ಡ್ ಮಾಡಿಕೊಳ್ಳುತ್ತಿದ್ದೇನೆ.

ಮಗಳು ಶಾಲೆಯಲ್ಲಿ ಇಂಗ್ಲಿಷು, ಮರಾಠಿ, ಹಿಂದಿ ಓದುತ್ತಾಳೆ. ಕನ್ನಡ ಮನೆಯ ಮಾತು ಮಾತ್ರ, ಅಕ್ಷರ ಗೊತ್ತಿಲ್ಲ. ನಾನು ಎರಡು ಬೇಸಿಗೆ ರಜೆ ಪ್ರಯತ್ನ ಪಟ್ಟು ಬಿಟ್ಟದ್ದು. ಅಜ್ಜನ ಪಕ್ಕ ನಿಂತು ಯಾವ ಕೀಲಿಗೆ ಯಾವ ಅಕ್ಷರ ಮೂಡುತ್ತದೆ ಎಂದು ನೋಡುವುದು ಅವಳಿಗೆ ಆಟ. ಕೆ ಒತ್ತಿದರೆ ಕ, ಸರಿ. "ಅಜ್ಜಾ, ಕ್ಯೂ ಒತ್ತಿದ್ರ ಯಾಕ ಟ ಬರ್ತದ?" ಎಂದು ಕೇಳಿದಳು.

"ಕ್ಯೂಗೆ ನಮ್ಮಲ್ಲಿ ಕೆಲಸ ಇರಲಿಲ್ಲವ್ವಾ, ಖಾಲಿ ಮನಿ. ಟ ಹೋಗಿ ಬಾಡಿಗಿ ಇದ್ದಾನ."

ಇಪ್ಪತ್ತು ಅಕ್ಷರ ಗುರುತು ಹಿಡಿಯುತ್ತಾಳೆ ಈಗ. ಅವಳ ಪರೀಕ್ಷೆ ಹತ್ತಿರ ಬಂದಿದೆ, ಆಮೇಲೆ ಏನಾಗುತ್ತದೋ ನೋಡಬೇಕು.

ಇಲ್ಲಿಯವರೆಗೆ 63ರಲ್ಲಿ 22 ಫೈಲುಗಳು ಸರಿಯಾಗಿವೆ. ಕಳೆದ ಇಂಜೆಕ್ಷನ್ ಆದ ಮೇಲೆ ತೆಗೆದ ಸ್ಕ್ಯಾನ್‌ನಲ್ಲಿ ಬಲಗಣ್ಣು ಇದ್ದ ಹಾಗೇ ಇದೆ ಎಂದರು ಡಾಕ್ಟರು. ನಮಗೆ ಅದೇ ಒಳ್ಳೆ ಸುದ್ದಿ. ಉಳಿದ 41 ಫೈಲುಗಳನ್ನು ಓದಲು ಎಷ್ಟು ತಿಂಗಳು ಬೇಕು ಎಂಬ ಲೆಕ್ಕ ನಾನೂ ಹಾಕಿದ್ದೇನೆ, ಅಪ್ಪನೂ ಹಾಕಿರಬೇಕು. ಇಬ್ಬರೂ ಹೇಳಿಕೊಂಡಿಲ್ಲ. ಅಪ್ಪ ತಾವಾಗಿ ಒಂದು ಮಾರ್ಪಾಡು ಮಾಡಿದ್ದಾರೆ: ಫೈಲುಗಳನ್ನು ಕ್ರಮವಾಗಿ ನೋಡುವುದನ್ನು ಬಿಟ್ಟು, ಬೇರೆ ಯಾರಿಗೂ ಗೊತ್ತಿರದ ವಿಷಯಗಳು ಯಾವುದರಲ್ಲಿವೆಯೋ ಅವನ್ನು ಮೊದಲು ತೆಗೆಸುತ್ತಾರೆ.

ಹೋದ ವಾರ ತೆಗೆಸಿದ್ದು ಹಗೇವಿನ ಅಧ್ಯಾಯ. ನೆಲದೊಳಗೆ ತೋಡಿ ಜೋಳ ತುಂಬಿಡುತ್ತಿದ್ದ ಕಣಜ ಅದು. ತೆಗೆದ ಕೂಡಲೇ ಒಳಗಿಳಿಯುವಂತಿಲ್ಲ, ಕೆಟ್ಟ ಗಾಳಿ ಹೋಗಲು ಬಿಡಬೇಕು, ಕಂದೀಲು ಇಳಿಬಿಟ್ಟು ಆರುವುದಿಲ್ಲ ಎಂದು ಖಾತ್ರಿ ಮಾಡಿಕೊಳ್ಳಬೇಕು. ಹಳೆಯ ಫೈಲು ಕಂದೀಲಿನವರೆಗೆ ಬಂದು ನಿಂತಿತ್ತು. ಅಪ್ಪ ಮುಂದಿನ ಎರಡು ಪ್ಯಾರಾ ತಾವೇ ಟೈಪು ಮಾಡಿದರು. ಮೂರನೆಯದರಲ್ಲಿ ತಡವರಿಸಿದರು. ಹಗೇವಿನ ಬಾಯಿಗೆ ಮುಚ್ಚುವ ಕಲ್ಲಿಗೆ ಊರಲ್ಲಿ ಒಂದು ಹೆಸರಿತ್ತಂತೆ, ನೆನಪಾಗುತ್ತಿಲ್ಲ. ಊರಿಗೆ ಫೋನ್ ಮಾಡಿಸಿದರು. ಫೋನ್ ಎತ್ತಿದವರಿಗೂ ಗೊತ್ತಿಲ್ಲ. ಅವರ ತಾಯಿಗೆ ತೊಂಬತ್ತಾಗಿದೆ, ಸದ್ಯ ಮಗಳ ಊರಿಗೆ ಹೋಗಿದ್ದಾರೆ, ಅಮಾವಾಸ್ಯೆ ಕಳೆದು ಬಂದ ಮೇಲೆ ಕೇಳಿ ಹೇಳುತ್ತೇನೆ ಅಂದಿದ್ದಾರೆ. ಆ ಪದದ ಜಾಗದಲ್ಲಿ ಅಪ್ಪ ಸದ್ಯಕ್ಕೆ ಮೂರು ಚುಕ್ಕಿ ಹಾಕಿಸಿದ್ದಾರೆ.